ನಲವತ್ತು ದಾಟಿದವರ ಮನೆಯೋಗ: ಎಲ್ಲಿಂದ ಆರಂಭಿಸಬೇಕು, ಎಲ್ಲಿ ನಿಲ್ಲಿಸಬೇಕು

ಯೋಗ ಕಲಿಯಬೇಕೆಂದು ಮನಸ್ಸು ಮಾಡುವವರಲ್ಲಿ ನಲವತ್ತು ದಾಟಿದವರು ಬಹಳ ಮಂದಿ. ಸೊಂಟ ಹಿಡಿದುಕೊಂಡಿರುತ್ತದೆ, ಮಂಡಿ ಸವೆದಿದೆ ಎಂದು ವೈದ್ಯರು ಹೇಳಿರುತ್ತಾರೆ, ರಾತ್ರಿ ನಿದ್ದೆ ಹತ್ತುತ್ತಿರುವುದಿಲ್ಲ, ರಕ್ತದೊತ್ತಡದ ಮಾತ್ರೆ ಶುರುವಾಗಿರುತ್ತದೆ. ಇಂಥ ಯಾವುದೋ ಒಂದು ಕಾರಣ ಅವರನ್ನು ಚಾಪೆಯ ಮೇಲೆ ತಂದು ಕೂರಿಸುತ್ತದೆ. ‘ಇದಕ್ಕೆ ಯಾವ ಆಸನ ಮಾಡಬೇಕು?’ ಎಂಬುದೇ ಅವರ ಮೊದಲ ಪ್ರಶ್ನೆ. ಪ್ರಶ್ನೆ ಸಹಜವಾದದ್ದೇ. ಆದರೆ ಆಸನಗಳನ್ನು ಮಾತ್ರೆಯ ಹಾಗೆ ಕಾಯಿಲೆಗೊಂದರಂತೆ ಎಣಿಸಿಕೊಂಡು ಹೊರಟವರು ಮೂರು ವಾರ ಮಾಡಿ, ಗುಣ ಕಾಣಲಿಲ್ಲವೆಂದು ಕೈಬಿಡುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆದ್ದರಿಂದ ಇಲ್ಲಿ ಕಾಯಿಲೆಗಳ ಪಟ್ಟಿ ಕೊಡುವುದಿಲ್ಲ. ದಿನಕ್ಕೆ 40 ನಿಮಿಷ ಮನೆಯಲ್ಲೇ ಮಾಡಿಕೊಳ್ಳಬಹುದಾದ ಒಂದು ಕ್ರಮವನ್ನೂ, ಅದನ್ನು ಯಾವ ಅಳತೆಯಲ್ಲಿ ಮಾಡಬೇಕೆಂಬುದನ್ನೂ ವಿವರಿಸುತ್ತೇನೆ.

ಉಸಿರೇ ಅಳತೆ

ಪತಂಜಲಿಯ ಯೋಗಸೂತ್ರಗಳಲ್ಲಿ ಆಸನದ ಬಗ್ಗೆ ಇರುವುದು ಮೂರೇ ಸೂತ್ರಗಳು. ಅವುಗಳಲ್ಲಿ ಮೊದಲನೆಯದು ‘ಸ್ಥಿರಸುಖಮಾಸನಮ್’. ಸ್ಥಿರವೂ ಸುಖವೂ ಆಗಿರುವುದೇ ಆಸನ ಎಂದು ಇದರ ಅರ್ಥ. ಕೇಳಲು ಸುಲಭವೆನಿಸುವ ಈ ಮಾತನ್ನು ಚಾಪೆಯ ಮೇಲೆ ಪಾಲಿಸುವುದು ಕಷ್ಟ, ಏಕೆಂದರೆ ತನಗೆ ಸುಖವಾಗಿದೆಯೋ ಇಲ್ಲವೋ ಎಂಬ ವಿಷಯದಲ್ಲಿ ಮನಸ್ಸು ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತದೆ. ಪಕ್ಕದವರ ಕೈ ನೆಲ ಮುಟ್ಟಿದ್ದನ್ನು ಕಂಡಾಗ ನಮ್ಮ ನೋವು ನಮಗೆ ನೋವೆನಿಸುವುದಿಲ್ಲ. ಉಸಿರು ಹಾಗೆ ಮೋಸ ಮಾಡುವುದಿಲ್ಲ. ದೇಹ ತನ್ನ ಮಿತಿಯನ್ನು ಮೀರುತ್ತಿದ್ದಂತೆ ಉಸಿರು ಕಟ್ಟುತ್ತದೆ ಅಥವಾ ತುಂಡುತುಂಡಾಗಿ ಬಾಯಿಂದ ಹೊರಬರುತ್ತದೆ, ದವಡೆ ಬಿಗಿಯುತ್ತದೆ, ಹುಬ್ಬು ಗಂಟಿಕ್ಕುತ್ತದೆ. ಯಾವುದೇ ಆಸನದಲ್ಲಿ ನಿಂತು ಮೂಗಿನಿಂದಲೇ ಸದ್ದಿಲ್ಲದೆ ಐದು ಸಲ ಉಸಿರಾಡಲು ಸಾಧ್ಯವಾದರೆ ನೀವು ಮಿತಿಯೊಳಗೆ ಇದ್ದೀರಿ. ಸಾಧ್ಯವಾಗದಿದ್ದರೆ ಸಾಧ್ಯವಾಗುವಷ್ಟು ಹಿಂದಕ್ಕೆ ಬನ್ನಿ. ಮುಂದೆ ಹೇಳುವ ಎಲ್ಲ ಆಸನಗಳಿಗೂ ಇದೊಂದೇ ನಿಯಮ.

ಈ ನಿಯಮವನ್ನು ನಾನು ಪೆಟ್ಟು ತಿಂದು ಕಲಿತೆ. ಮೂವತ್ತೆಂಟನೆಯ ವಯಸ್ಸಿನಲ್ಲಿ ನಮ್ಮ ಬಡಾವಣೆಯ ತರಗತಿಯೊಂದಕ್ಕೆ ಸೇರಿದ್ದೆ. ಕಾಲು ಚಾಚಿ ಕುಳಿತು ಮುಂದಕ್ಕೆ ಬಗ್ಗುವ ಪಶ್ಚಿಮೋತ್ತಾನಾಸನದಲ್ಲಿ ಹಣೆ ಮಂಡಿಗೆ ತಾಗಲೇಬೇಕೆಂದು ಶಿಕ್ಷಕರು ನನ್ನ ಬೆನ್ನ ಮೇಲೆ ಎರಡೂ ಕೈಯಿಟ್ಟು ಒತ್ತಿದರು. ಉಸಿರು ಕಟ್ಟಿತ್ತು, ಸಾಕು ಎನ್ನಲು ಸಂಕೋಚಪಟ್ಟೆ. ಮರುದಿನ ಬೆಳಿಗ್ಗೆ ಹಾಸಿಗೆಯಿಂದೇಳಲು ಗೋಡೆ ಹಿಡಿಯಬೇಕಾಯಿತು, ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುವಂತಾಗಲು ಮೂರು ವಾರ ಹಿಡಿಯಿತು. ಅಂದಿನಿಂದ ತರಗತಿಗೆ ಹೋಗುವ ಎಲ್ಲರಿಗೂ ನಾನು ಹೇಳುವುದು ಇಷ್ಟು: ಕಲಿಸುವವರು ಎಷ್ಟೇ ದೊಡ್ಡವರಾಗಿರಲಿ, ಮೈಮುಟ್ಟಿ ಒತ್ತುವುದನ್ನು ಬೇಡವೆನ್ನಲು ಹಿಂಜರಿಯಬೇಡಿ.

ಮೈಸೂರಿನಿಂದ ಪಡೆಯಬಹುದಾದ ಎರಡು ಪಾಠ

ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ಯೋಗಶಾಲೆಯನ್ನು ಆರಂಭಿಸಿದರು. ಆಚಾರ್ಯರು ಚಿತ್ರದುರ್ಗ ಜಿಲ್ಲೆಯವರು. ಮೈಸೂರಿನಲ್ಲಿ ಅವರ ಬಳಿ ಕಲಿತವರಲ್ಲಿ ಇಬ್ಬರು ಕನ್ನಡನಾಡಿನವರೇ ಆದ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಕೆ. ಪಟ್ಟಾಭಿ ಜೋಯಿಸ್, ಇಂದು ಜಗತ್ತಿನ ನಾನಾ ಕಡೆ ನಡೆಯುವ ಆಸನಾಭ್ಯಾಸದ ದೊಡ್ಡ ಪಾಲು ಇವರ ಶಿಷ್ಯಪರಂಪರೆಯದು. ಮನೆಯಲ್ಲಿ ಅಭ್ಯಾಸ ಮಾಡುವವರಿಗೆ ಇಬ್ಬರಿಂದಲೂ ಪ್ರಯೋಜನವಿದೆ.

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಅಯ್ಯಂಗಾರರು ಬಾಲ್ಯದಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯಗಳಿಂದ ನರಳಿದವರು. ಕೃಶವಾದ, ಬಗ್ಗದ ದೇಹದಿಂದಲೇ ಅವರ ಅಭ್ಯಾಸ ಆರಂಭವಾಯಿತು. ಬಗ್ಗಲಾರದವರಿಗೂ ಆಸನ ದಕ್ಕಬೇಕೆಂದು ಮುಂದೆ ಪುಣೆಯಲ್ಲಿ ಅವರು ಕುರ್ಚಿ, ಹಗ್ಗ, ಪಟ್ಟಿ, ಮರದ ದಿಮ್ಮಿ, ಕಂಬಳಿಗಳನ್ನು ಅಭ್ಯಾಸದೊಳಕ್ಕೆ ತಂದರು. ಆಸರೆ ಹಿಡಿಯುವುದು ಅವಮಾನವಲ್ಲ ಎಂಬುದು ಮೊದಲ ಪಾಠ. ಪಟ್ಟಾಭಿ ಜೋಯಿಸರ ಪದ್ಧತಿಯಲ್ಲಿ ಅಭ್ಯಾಸಿ ಒಂದು ಗೊತ್ತಾದ ಸರಣಿಯನ್ನು ಬಾಯಿಪಾಠದಂತೆ ಕಲಿತು, ತನ್ನ ಉಸಿರಿನ ಗತಿಯಲ್ಲಿ ತಾನೇ ಮಾಡಿಕೊಂಡು ಹೋಗುತ್ತಾನೆ. ಒಂದು ಆಸನ ಹದಕ್ಕೆ ಬಂದ ಮೇಲಷ್ಟೇ ಮುಂದಿನದು ಸಿಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಂದು ರಜೆ. ದಿನಕ್ಕೊಂದು ಹೊಸ ವಿಡಿಯೋ ನೋಡಿ ದಿನಕ್ಕೊಂದು ಬಗೆಯಾಗಿ ಮಾಡುವವರು ಈ ಎರಡನೆಯ ಪಾಠವನ್ನು ಗಮನಿಸಬೇಕು. ಅದೇ ಸರಣಿಯನ್ನು ತಿಂಗಳುಗಟ್ಟಲೆ ಮಾಡಿದಾಗಲೇ, ನಿನ್ನೆ ಬಗ್ಗಿದ್ದು ಇಂದೇಕೆ ಬಗ್ಗಲಿಲ್ಲ ಎಂಬ ಸೂಕ್ಷ್ಮ ನಮಗೆ ತಿಳಿಯುವುದು.

ಸಿದ್ಧತೆ, ಎಚ್ಚರಿಕೆ

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ಜಾರದ ಮ್ಯಾಟ್ ಒಂದಿರಲಿ. ಟೈಲ್ಸ್ ಅಥವಾ ಗ್ರಾನೈಟ್ ನೆಲದ ಮೇಲೆ ಬರಿಯ ಜಮಖಾನ ಹಾಸಿ ನಿಂತ ಆಸನಗಳನ್ನು ಮಾಡಬೇಡಿ, ಅದು ಕಾಲಡಿಯಲ್ಲಿ ಸರಿಯುತ್ತದೆ. ಮಲಗುವ ಆಸನಗಳಿಗೆ ಜಮಖಾನವೇ ಸಾಕು. ಅಲುಗಾಡದ, ಚಕ್ರವಿಲ್ಲದ ಒಂದು ಕುರ್ಚಿ, ಮಡಿಸಿದ ಕಂಬಳಿ, ಪಟ್ಟಿಯ ಬದಲಿಗೆ ಹಳೆಯ ಪಂಚೆ ಅಥವಾ ವೇಲು, ಒಂದು ಖಾಲಿ ಗೋಡೆ, ಇಷ್ಟಿದ್ದರೆ ಮುಗಿಯಿತು. ಊಟವಾಗಿ ಮೂರು-ನಾಲ್ಕು ಗಂಟೆ, ಉಪಾಹಾರವಾಗಿ ಎರಡು ಗಂಟೆ ಕಳೆದಿರಬೇಕು. ಬೆಳಿಗ್ಗೆಯೇ ಮಾಡಬೇಕೆಂಬ ಕಟ್ಟುಪಾಡೇನೂ ಇಲ್ಲ. ಅಡುಗೆ, ಮಕ್ಕಳ ಶಾಲೆ, ಬಸ್ಸಿನ ಗಡಿಬಿಡಿಯಿರುವ ಮನೆಯಲ್ಲಿ ಸಂಜೆ ಆರರ ಹೊತ್ತೇ ಹೆಚ್ಚು ಉಳಿದುಕೊಳ್ಳುತ್ತದೆ. ಬೆಳಿಗ್ಗೆ ಮಾಡುವವರು ಒಂದು ವಿಷಯವನ್ನು ತಿಳಿದಿರಬೇಕು. ರಾತ್ರಿ ಮಲಗಿರುವಾಗ ಬೆನ್ನೆಲುಬಿನ ನಡುವಣ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ, ಎದ್ದ ಕೂಡಲೇ ಮುಂದಕ್ಕೆ ಬಗ್ಗಿದರೆ ಅವುಗಳ ಮೇಲೆ ಹೆಚ್ಚಿನ ಒತ್ತಡ ಬೀಳುತ್ತದೆ. ಎದ್ದು ಓಡಾಡಿ ಮುಕ್ಕಾಲು ಗಂಟೆಯಾದರೂ ಕಳೆದ ಮೇಲೆ ಬಗ್ಗುವ ಆಸನಗಳಿಗೆ ಕೈಹಾಕಿ.

ಕೆಲವರು ಆರಂಭಿಸುವ ಮುನ್ನ ತಮ್ಮ ವೈದ್ಯರನ್ನು ಕೇಳಲೇಬೇಕು. ಹತೋಟಿಗೆ ಬಾರದ ರಕ್ತದೊತ್ತಡವಿರುವವರು, ಹೃದಯದ ಕಾಯಿಲೆಯವರು, ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು, ಹರ್ನಿಯಾ ಇರುವವರು, ಕಾಲಿಗೆ ಸೆಳೆಯುವ ಬೆನ್ನುನೋವಿರುವವರು, ಗರ್ಭಿಣಿಯರು ಈ ಸಾಲಿಗೆ ಸೇರುತ್ತಾರೆ. ಗ್ಲಾಕೋಮಾ ಇರುವವರಿಗೆ ತಲೆ ಕೆಳಗಾಗುವ ಯಾವ ಭಂಗಿಯೂ ಬೇಡ, ಗೋಡೆಗೆ ಕಾಲು ಚಾಚುವ ವಿಪರೀತಕರಣಿಯೂ ಬೇಡ, ಏಕೆಂದರೆ ಅವು ಕಣ್ಣಿನೊಳಗಿನ ಒತ್ತಡವನ್ನು ಏರಿಸುತ್ತವೆ. ಮೂಳೆಸವಕಳಿಯಿರುವ ಹಿರಿಯ ಹೆಂಗಸರು ಬೆನ್ನನ್ನು ಗೂನಾಗಿಸಿ ಬಗ್ಗುವುದು ಅಪಾಯಕರ. ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಮಾಡಬಹುದೇ ಎಂಬುದನ್ನು ಮೊದಲೇ ಕೇಳಿಕೊಂಡು, ಸಕ್ಕರೆ ಇಳಿದರೆಂದು ಹತ್ತಿರದಲ್ಲೇ ಏನಾದರೂ ಸಿಹಿ ಇಟ್ಟುಕೊಳ್ಳಬೇಕು. ಇನ್ನು ಹೊಟ್ಟೆಯನ್ನು ಒಳಕ್ಕೆಳೆದು ರಭಸವಾಗಿ ಮತ್ತೆ ಮತ್ತೆ ಉಸಿರು ಹೊರಹಾಕುವ ಕಪಾಲಭಾತಿ ಇಂದು ಎಲ್ಲರ ಬಾಯಲ್ಲೂ ಇದೆ. ಮೇಲಿನ ಸಾಲಿನ ಬಹುತೇಕ ಎಲ್ಲರಿಗೂ, ಜೊತೆಗೆ ಮೂರ್ಛೆರೋಗವಿರುವವರಿಗೂ ಅದು ಸಲ್ಲದು. ಉಳಿದವರೂ ಎದುರಿಗೆ ಕಲಿಸುವವರಿಲ್ಲದೆ ಅದನ್ನು ಆರಂಭಿಸದಿರುವುದು ಕ್ಷೇಮ. ಶೀರ್ಷಾಸನದ ವಿಷಯದಲ್ಲೂ ನನ್ನ ಅಭಿಪ್ರಾಯ ಇದೇ.

ನಿಂತು ಮಾಡುವ ಆಸನಗಳು

ಮೊದಲ ಐದು ನಿಮಿಷ ಬೆನ್ನ ಮೇಲೆ ಮಲಗಿ, ಮಂಡಿ ಮಡಿಸಿ, ಅಂಗಾಲನ್ನು ನೆಲಕ್ಕೂರಿ, ಕಿಬ್ಬೊಟ್ಟೆಯ ಮೇಲೆ ಒಂದು ಕೈ ಮತ್ತು ಎದೆಯ ಮೇಲೆ ಇನ್ನೊಂದು ಕೈ ಇಟ್ಟುಕೊಳ್ಳಿ. ಉಸಿರೆಳೆದಾಗ ಕೆಳಗಿನ ಕೈ ಏಳಬೇಕು, ಮೇಲಿನದು ಹೆಚ್ಚುಕಡಿಮೆ ಸುಮ್ಮನಿರಬೇಕು. ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತವರಲ್ಲಿ ಇದು ತಿರುವುಮುರುವಾಗಿರುತ್ತದೆ. ಬಲವಂತ ಮಾಡದೆ, ಹೊರಬಿಡುವ ಉಸಿರನ್ನು ಮಾತ್ರ ಉದ್ದವಾಗಿಸುತ್ತ ಹೋದರೆ ಕೆಲವು ದಿನಗಳಲ್ಲಿ ತಾನಾಗಿ ಸರಿಹೋಗುತ್ತದೆ.

ಬಳಿಕ ಎದ್ದು ತಾಡಾಸನ. ಪಾದಗಳ ನಡುವೆ ಒಂದು ಗೇಣು ಅಂತರವಿಟ್ಟು ನಿಂತು, ದೇಹದ ಭಾರ ಹಿಮ್ಮಡಿಗೂ ಹೆಬ್ಬೆರಳ ಬುಡಕ್ಕೂ ಸಮನಾಗಿ ಬೀಳುತ್ತಿದೆಯೇ ಎಂದು ನೋಡಿಕೊಳ್ಳಿ. ಉಸಿರೆಳೆಯುತ್ತ ಕೈಗಳನ್ನು ಮೇಲೆತ್ತಿ, ಬಿಡುತ್ತ ಇಳಿಸಿ. ಹೀಗೆ ಐದು ಸಲ. ಅದೇ ನಿಲುವಿನಿಂದ ಒಂದು ಕೈ ಮೇಲೆತ್ತಿ ಎದುರು ಪಕ್ಕಕ್ಕೆ ಬಾಗುವುದು ಅರ್ಧಕಟಿಚಕ್ರಾಸನ. ಮುಂದಕ್ಕೆ ವಾಲದೆ, ಎರಡು ಗೋಡೆಗಳ ನಡುವಿನ ಕಿರಿದಾದ ಸಂದಿಯಲ್ಲಿ ನಿಂತಂತೆ ನೇರವಾಗಿ ಪಕ್ಕಕ್ಕೇ ಬಾಗಬೇಕು.

ಮುಂದಕ್ಕೆ ಬಾಗುವ ಪಾದಹಸ್ತಾಸನದ ಹತ್ತಿರ ಸ್ವಲ್ಪ ನಿಲ್ಲೋಣ, ಏಕೆಂದರೆ ಮನೆಯಲ್ಲಿ ಬೆನ್ನು ನೋಯಿಸಿಕೊಳ್ಳುವವರು ಬಹುಪಾಲು ಇಲ್ಲಿಯೇ ನೋಯಿಸಿಕೊಳ್ಳುತ್ತಾರೆ. ಬೆರಳು ನೆಲ ಮುಟ್ಟಬೇಕೆಂಬ ಹಟದಲ್ಲಿ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸುತ್ತಾರೆ. ಬಗ್ಗಬೇಕಾದ ಜಾಗ ಸೊಂಟದ ಕೀಲು, ಎಂದರೆ ತೊಡೆ ಮುಂಡಕ್ಕೆ ಸೇರುವ ಸಂದು. ಇದನ್ನು ಕಲಿಯಲು ಗೋಡೆಗೆ ಬೆನ್ನು ಮಾಡಿ, ಹಿಮ್ಮಡಿಯನ್ನು ಗೋಡೆಯಿಂದ ಒಂದು ಗೇಣು ಮುಂದಿಟ್ಟು ನಿಲ್ಲಿ. ಮಂಡಿಗಳನ್ನು ಸ್ವಲ್ಪ ಸಡಿಲಿಸಿ, ಎರಡೂ ಅಂಗೈಗಳ ಅಂಚನ್ನು ತೊಡೆಸಂದಿಗೆ ಒತ್ತಿಹಿಡಿದು, ಕೈಗಳಲ್ಲಿ ಏನೋ ತುಂಬಿರುವುದರಿಂದ ಬಾಗಿಲನ್ನು ಹಿಂಬದಿಯಿಂದ ತಳ್ಳಿ ಮುಚ್ಚುತ್ತಿರುವಿರೆಂಬಂತೆ ಪೃಷ್ಠವನ್ನು ಹಿಂದಕ್ಕೆ ಸರಿಸುತ್ತ ಗೋಡೆಗೆ ತಾಗಿಸಿ. ಆಗ ಮುಂಡ ತಾನಾಗಿ ಮುಂದಕ್ಕೆ ಬಾಗುತ್ತದೆ, ಬೆನ್ನು ಹಲಗೆಯಂತೆ ನೇರವಾಗಿಯೇ ಉಳಿಯುತ್ತದೆ, ತೊಡೆಯ ಹಿಂಭಾಗದಲ್ಲಿ ಎಳೆತ ಕಾಣಿಸಿಕೊಳ್ಳುತ್ತದೆ. ಆ ಎಳೆತ ತೊಡೆಯ ನಡುಭಾಗದಲ್ಲಿದ್ದರೆ ಸರಿ. ಮಂಡಿಯ ಹಿಂದಿನ ಕುಳಿಯಲ್ಲಿದ್ದರೆ ಮಂಡಿಯನ್ನು ಇನ್ನಷ್ಟು ಮಡಿಸಿ. ಸೊಂಟದಲ್ಲಿ ಕಂಡರೆ ಆ ಕ್ಷಣವೇ ಮೇಲಕ್ಕೆ ಬನ್ನಿ. ಮೊದಲ ತಿಂಗಳು ಎದುರಿಗೆ ಕುರ್ಚಿಯಿಟ್ಟು ಅದರ ಆಸನದ ಮೇಲೆ ಅಂಗೈಯೂರುವಷ್ಟಕ್ಕೇ ನಿಲ್ಲಿಸಿ, ಐದು ಉಸಿರಾಟ ಅಲ್ಲಿಯೇ ಇರಿ. ಏಳುವಾಗಲೂ ಅವಸರ ಬೇಡ. ಮಂಡಿ ಮಡಿಸಿ, ಕೈಗಳನ್ನು ತೊಡೆಯ ಮೇಲೆ ಊರಿ, ಉಸಿರೆಳೆಯುತ್ತ ನೇರವಾದ ಬೆನ್ನಿನೊಂದಿಗೆ ಎದ್ದು, ತಾಡಾಸನದಲ್ಲಿ ಎರಡು ಉಸಿರು ನಿಂತು ಮುಂದಿನದಕ್ಕೆ ಹೋಗಿ. ರಕ್ತದೊತ್ತಡದ ಮಾತ್ರೆ ನುಂಗುವವರಿಗೆ ಥಟ್ಟನೆ ಎದ್ದಾಗ ತಲೆಸುತ್ತು ಬರುವುದುಂಟು.

ನಿಂತವುಗಳಲ್ಲಿ ಕೊನೆಯದು ವೃಕ್ಷಾಸನ. ಗೋಡೆಯ ಪಕ್ಕದಲ್ಲಿ ನಿಂತು, ಒಂದು ಪಾದವನ್ನು ಇನ್ನೊಂದು ಕಾಲಿನ ಮೀನಖಂಡದ ಒಳಬದಿಗೆ ಅಥವಾ ತೊಡೆಗೆ ಒತ್ತಿ. ಮಂಡಿಯ ಮೇಲೆ ಮಾತ್ರ ಇಡಬಾರದು. ಬೆರಳ ತುದಿ ಗೋಡೆಗೆ ತಾಗಿರಲಿ, ಕಣ್ಣು ಎದುರಿನ ಒಂದು ಬಿಂದುವಿನ ಮೇಲಿರಲಿ. ಅರವತ್ತು ದಾಟಿದವರಿಗೆ ನಾನು ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ ಎನ್ನುತ್ತೇನೆ. ಬಚ್ಚಲಲ್ಲಿ ಕಾಲು ಜಾರಿ ಸೊಂಟದ ಮೂಳೆ ಮುರಿದುಕೊಂಡವರು ಮತ್ತೆ ಮೊದಲಿನಂತೆ ನಡೆದಾಡಲಾಗದೆ ಹೋದದ್ದನ್ನು ನಮ್ಮ ಮನೆಗಳಲ್ಲೇ ನೋಡಿದ್ದೇವೆ. ಒಂಟಿಕಾಲಿನ ಸಮತೋಲ ಕೂಡ ದಿನವೂ ಬಳಸಿದಾಗಲೇ ಉಳಿಯುವಂಥದ್ದು.

ಮಲಗಿ ಮಾಡುವ ಆಸನಗಳು

ಹೊಟ್ಟೆಯ ಮೇಲೆ ಮಲಗಿ ಭುಜಂಗಾಸನ. ಅಂಗೈಗಳು ಎದೆಯ ಪಕ್ಕದಲ್ಲಿ, ಮೊಣಕೈಗಳು ಪಕ್ಕೆಗೆ ಅಂಟಿಕೊಂಡು. ಉಸಿರೆಳೆಯುತ್ತ ಎದೆಯನ್ನು ಎತ್ತಿ, ಆದರೆ ಹೊಕ್ಕುಳು ನೆಲದಲ್ಲೇ ಇರಲಿ, ಮೊಣಕೈ ಮಡಿಚಿಯೇ ಇರಲಿ. ಕೈಗಳ ಬಲದಿಂದ ಮೇಲೇರಿ ಸೊಂಟವನ್ನು ಮುರಿದಂತೆ ಹಿಂದಕ್ಕೆ ಬಾಗಿಸುವುದು ಈ ಆಸನದಲ್ಲಿ ಆಗುವ ಸಾಮಾನ್ಯ ತಪ್ಪು. ಒಂದು ಕ್ಷಣ ಅಂಗೈಗಳನ್ನು ನೆಲದಿಂದ ಎತ್ತಿ ನೋಡಿ. ಎದೆ ಎಷ್ಟು ಎತ್ತರದಲ್ಲಿ ಉಳಿಯುತ್ತದೆಯೋ ಅಷ್ಟೇ ನಿಮ್ಮ ಬೆನ್ನಿನ ನಿಜವಾದ ಶಕ್ತಿ, ಸದ್ಯಕ್ಕೆ ಅಷ್ಟೇ ಸಾಕು. ಮೂರು ಸಲ ಮಾಡಿದ ಮೇಲೆ ಒಂದೊಂದೇ ಕಾಲೆತ್ತುವ ಶಲಭಾಸನವನ್ನು ಎರಡೂ ಕಡೆ ಮಾಡಿ.

ಬೆನ್ನ ಮೇಲೆ ತಿರುಗಿ, ಮಂಡಿಗಳನ್ನು ಎದೆಗೆ ತಬ್ಬಿಕೊಳ್ಳುವ ಪವನಮುಕ್ತಾಸನ, ಬಳಿಕ ಅಂಗಾಲೂರಿ ಪೃಷ್ಠವನ್ನು ಎತ್ತುವ ಸೇತುಬಂಧ. ಕೊನೆಗೆ ಗೋಡೆಗೆ ಕಾಲು ಚಾಚಿ, ಸೊಂಟದ ಕೆಳಗೆ ಮಡಿಸಿದ ಕಂಬಳಿಯಿಟ್ಟು ಐದು ನಿಮಿಷ ವಿಪರೀತಕರಣಿ. ಅಂಗಡಿಯಲ್ಲಿ, ತರಗತಿಯಲ್ಲಿ, ಅಡುಗೆಮನೆಯಲ್ಲಿ ದಿನವಿಡೀ ನಿಂತು ಕಾಲು ಬಾವು ಬರುವವರಿಗೆ ಇದರಷ್ಟು ಹಿತವಾದದ್ದು ಬೇರೊಂದಿಲ್ಲ.

ಬೆನ್ನ ಮೇಲೆ ಮಲಗಿ ಮೈಯೆಲ್ಲ ಸಡಿಲಬಿಡುವ ಶವಾಸನವನ್ನು ಸಮಯವಿಲ್ಲವೆಂದು ಬಿಡುವವರೇ ಹೆಚ್ಚು. ಏಳು ನಿಮಿಷ ಅದಕ್ಕೆಂದೇ ತೆಗೆದಿಡಿ. ಮಂಡಿಗಳ ಕೆಳಗೆ ದಿಂಬಿಟ್ಟರೆ ಸೊಂಟದ ಬಿಗಿ ಇಳಿಯುತ್ತದೆ. ಮಲಗಿದಾಗ ದೇಹದ ಉಷ್ಣತೆ ಇಳಿಯುವುದರಿಂದ ಚಳಿಗಾಲದಲ್ಲಿ ಮೇಲೊಂದು ಶಾಲು ಹೊದೆಯಿರಿ. ಏಳುವಾಗ ಪಕ್ಕಕ್ಕೆ ಹೊರಳಿ, ಕೈಯೂರಿ ಏಳಿ.

ಪ್ರಾಣಾಯಾಮ

ನೆಲದ ಮೇಲೆ ಕೂರಲಾಗದವರು ಕುರ್ಚಿಯಲ್ಲಿ ಕೂರಲಿ. ಬೆನ್ನು ಒರಗದೆ ನೇರವಾಗಿದ್ದರೆ ಸಾಕು, ಪದ್ಮಾಸನಕ್ಕಾಗಿ ಮಂಡಿಯನ್ನು ಹಿಂಸಿಸುವುದು ಬೇಡ. ನೆಲದಲ್ಲಿ ಕೂರುವವರು ಪೃಷ್ಠದ ಕೆಳಗೆ ಕಂಬಳಿ ಮಡಿಸಿಟ್ಟು, ಮಂಡಿಗಳು ಸೊಂಟಕ್ಕಿಂತ ತಗ್ಗಿನಲ್ಲಿರುವಂತೆ ನೋಡಿಕೊಳ್ಳಲಿ.

ಮೊದಲ ಎರಡು ವಾರ ಮೂಗು ಮುಚ್ಚುವ ಗೋಜಿಗೇ ಹೋಗದೆ, ಮನಸ್ಸಿನಲ್ಲೇ ನಾಲ್ಕು ಎಣಿಸುತ್ತ ಉಸಿರೆಳೆದು ಆರು ಎಣಿಸುತ್ತ ಬಿಡಿ. ಎಣಿಕೆ ಗಡಿಯಾರದ ಸೆಕೆಂಡಿನ ಗತಿಯಲ್ಲಿದ್ದರೆ ನಿಮಿಷಕ್ಕೆ ಆರು ಉಸಿರಾಟಗಳಾಗುತ್ತವೆ. ಸುಮ್ಮನೆ ಕುಳಿತ ವಯಸ್ಕರಲ್ಲಿ ಅವು ಸಾಮಾನ್ಯವಾಗಿ 12ರಿಂದ 20 ಇರುತ್ತವೆ. ಬಿಡುವ ಉಸಿರು ಉದ್ದವಿರಬೇಕೆನ್ನಲು ಕಾರಣವಿದೆ. ಎಡಗೈ ಮಣಿಕಟ್ಟಿನ ನಾಡಿಯ ಮೇಲೆ ಬಲಗೈಯ ಮೂರು ಬೆರಳಿಟ್ಟು ಹೀಗೆ ಉಸಿರಾಡಿ ನೋಡಿ: ಉಸಿರೆಳೆಯುವಾಗ ನಾಡಿಯ ಬಡಿತಗಳು ಹತ್ತಿರಹತ್ತಿರವಾಗುತ್ತವೆ, ಬಿಡುವಾಗ ದೂರದೂರವಾಗುತ್ತವೆ. ವಯಸ್ಸಾದಂತೆ ಈ ವ್ಯತ್ಯಾಸ ಕಡಿಮೆಯಾಗುವುದರಿಂದ ಹಿರಿಯರಿಗೆ ಅದು ಸ್ಪಷ್ಟವಾಗಿ ತಿಳಿಯದಿರಬಹುದು, ಅದರಿಂದ ಕಳವಳ ಬೇಡ. ನನಗಂತೂ ಉಸಿರು ಹೃದಯವನ್ನು ಮುಟ್ಟುತ್ತದೆ ಎಂಬುದು ಮೊದಲ ಸಲ ಮನವರಿಕೆಯಾದದ್ದು ನನ್ನದೇ ಬೆರಳ ತುದಿಯಲ್ಲಿ.

ಮೂರನೆಯ ವಾರದಿಂದ ನಾಡಿಶೋಧನ. ಬಲಗೈಯ ತೋರುಬೆರಳು ಮತ್ತು ನಡುಬೆರಳನ್ನು ಮಡಿಸಿ, ಹೆಬ್ಬೆರಳಿನಿಂದ ಬಲ ಹೊಳ್ಳೆಯನ್ನೂ ಉಂಗುರಬೆರಳಿನಿಂದ ಎಡ ಹೊಳ್ಳೆಯನ್ನೂ ಮುಚ್ಚಬೇಕು. ಮೂಗಿನ ಮೂಳೆ ಮುಗಿದು ಮೆತ್ತಗಿನ ಭಾಗ ಆರಂಭವಾಗುವಲ್ಲಿ ಹಗುರವಾಗಿ ಒತ್ತಿದರೆ ಸಾಕು. ಎಡದಿಂದ ಎಳೆದು ಬಲದಿಂದ ಬಿಟ್ಟು, ಬಲದಿಂದಲೇ ಎಳೆದು ಎಡದಿಂದ ಬಿಟ್ಟರೆ ಒಂದು ಸುತ್ತು. ಐದು ಸುತ್ತಿನಿಂದ ಆರಂಭಿಸಿ, ತಿಂಗಳಲ್ಲಿ ಒಂಬತ್ತಕ್ಕೆ ಏರಿಸಬಹುದು. ಒಂದು ಹೊಳ್ಳೆ ಹೆಚ್ಚು ತೆರೆದಿದ್ದು ಇನ್ನೊಂದು ಸ್ವಲ್ಪ ಕಟ್ಟಿದಂತಿರುವುದು ಸಹಜ, ಕೆಲವು ಗಂಟೆಗಳಿಗೊಮ್ಮೆ ಅದು ಅದಲುಬದಲಾಗುತ್ತದೆ. ನೆಗಡಿಯಿಂದ ಮೂಗು ಪೂರ್ತಿ ಕಟ್ಟಿದ್ದರೆ ಅಂದು ಬಿಟ್ಟುಬಿಡಿ. ಉಸಿರನ್ನು ಒಳಗೆ ಹಿಡಿದಿಡುವ ಕುಂಭಕವನ್ನು ಇಲ್ಲಿ ಬೇಕೆಂದೇ ಸೇರಿಸಿಲ್ಲ. ಅದನ್ನು ಗುರುಮುಖೇನವೇ ಕಲಿಯಬೇಕು. ಕೊನೆಯಲ್ಲಿ ತುಟಿ ಮುಚ್ಚಿ, ಹಲ್ಲುಗಳ ನಡುವೆ ಕೊಂಚ ಎಡೆಯಿಟ್ಟು, ದುಂಬಿಯಂತೆ ಝೇಂಕರಿಸುತ್ತ ಉಸಿರು ಬಿಡುವ ಭ್ರಾಮರಿಯನ್ನು ಐದು ಸಲ ಮಾಡಿ. ನಿದ್ದೆ ಬಾರದವರು ಇದನ್ನೇ ಮಲಗುವ ಮುನ್ನ ಮತ್ತೊಮ್ಮೆ ಮಾಡಬಹುದು.

ಎಷ್ಟು, ಎಷ್ಟು ದಿನ

ಮಲಗಿ ಉಸಿರು ನೋಡಿಕೊಳ್ಳಲು ಐದು ನಿಮಿಷ, ವಿಪರೀತಕರಣಿಯೂ ಸೇರಿ ಆಸನಗಳಿಗೆ ಹದಿನೆಂಟು, ಶವಾಸನಕ್ಕೆ ಏಳು, ಪ್ರಾಣಾಯಾಮಕ್ಕೆ ಹತ್ತು. 40 ನಿಮಿಷ ಸಿಗದ ದಿನ ಆಸನಗಳನ್ನು ಮೊಟಕುಗೊಳಿಸಿ, ಶವಾಸನ ಮತ್ತು ಪ್ರಾಣಾಯಾಮವನ್ನು ಉಳಿಸಿಕೊಳ್ಳಿ. ಭಾನುವಾರ ಎರಡು ಗಂಟೆ ಮಾಡಿ ಉಳಿದ ದಿನ ಸುಮ್ಮನಿರುವುದಕ್ಕಿಂತ ವಾರದಲ್ಲಿ ಆರು ದಿನ ಹದಿನೈದು ನಿಮಿಷ ಮಾಡುವುದು ಎಷ್ಟೋ ಮೇಲು.

ಯೋಗದ ಮೇಲಿನ ಪ್ರೀತಿಯಿಂದಲೇ ಒಂದು ಮಾತನ್ನು ಹೇಳಬೇಕು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ದೈಹಿಕ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೇಲೆ ವಿವರಿಸಿದಂಥ ನಿಧಾನಗತಿಯ ಆಸನಗಳಲ್ಲಿ ಹೃದಯಕ್ಕೆ ಅಷ್ಟು ಶ್ರಮವಾಗುವುದಿಲ್ಲ. ಆದ್ದರಿಂದ ಅರ್ಧ ಗಂಟೆಯ ಬಿರುಸು ನಡಿಗೆಯನ್ನು ವಾರಕ್ಕೆ ಐದು ದಿನವಾದರೂ ಇದರ ಜೊತೆಗೆ ಇಟ್ಟುಕೊಳ್ಳಿ. ಹಾಗೆಯೇ, ಅಭ್ಯಾಸದಿಂದ ರಕ್ತದೊತ್ತಡ ಇಳಿದಂತೆ ಕಂಡರೆ ಅದನ್ನು ದಿನಾಂಕ ಸಮೇತ ಬರೆದುಕೊಂಡು ವೈದ್ಯರಿಗೆ ತೋರಿಸಿ. ಮಾತ್ರೆಯನ್ನು ಕಡಿಮೆ ಮಾಡುವ ನಿರ್ಧಾರ ಅವರದಾಗಿರಲಿ.

ಮೊದಲ ತಿಂಗಳಲ್ಲಿ ಬದಲಾವಣೆ ಕಾಣುವುದು ಚಾಪೆಯ ಹೊರಗೆ. ನನ್ನ ವಿಷಯದಲ್ಲಿ ಅದು ಕಂಡದ್ದು ಕೆಳಗಿನ ಕಪಾಟಿನಿಂದ ಅಕ್ಕಿಯ ಡಬ್ಬ ತೆಗೆಯುವಾಗ: ಕೈ ಸೊಂಟಕ್ಕೆ ಹೋಗದೆ, ಬಾಯಿಂದ ‘ಅಮ್ಮಾ’ ಎಂಬ ಸದ್ದು ಬಾರದೆ, ಬಾಗಿ ಎದ್ದಿದ್ದೆ. ಇಂಥದ್ದನ್ನು ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಗುರುತು ಹಾಕಿಕೊಳ್ಳಿ, ಬೆರಳು ನೆಲ ಮುಟ್ಟಿದ್ದಕ್ಕಿಂತ ಅದು ಹೆಚ್ಚು ನಿಜವಾದ ಲೆಕ್ಕ. ಜ್ವರ ಬಂದು ಬಿಟ್ಟುಹೋದಾಗ, ಜ್ವರ ಇಳಿದ ಮೊದಲ ಎರಡು ದಿನ ಶವಾಸನ ಮತ್ತು ನಾಲ್ಕು-ಆರರ ಉಸಿರಾಟವಷ್ಟೇ. ಮೂರನೆಯ ದಿನ ತಾಡಾಸನ ಸೇರಿಸಿ. ಕುರ್ಚಿ ಹಿಡಿದು ಬಾಗುವುದನ್ನು ಮೈಕೈನೋವು ಪೂರ್ತಿ ಹೋದ ಮೇಲೆ ಮತ್ತೆ ಆರಂಭಿಸಿ.